ಮೊದಲ ವಿಮಾನವಾಹಕ ನೌಕೆ ಎಷ್ಟು ದೊಡ್ಡದಿರಬೇಕು?

ಬಾದಾಮಿ ಸಮೀಪದ ಮಹಾಕೂಟದಲ್ಲಿ ನೀರೆಂದರೆ ವಿಷ್ಣು ಪುಷ್ಕರಿಣಿ, ಸಮುದ್ರ ಬಹುದೂರ. ಆದರೂ ಅಲ್ಲಿ ಶಾಸನಸ್ತಂಭ ನಿಲ್ಲಿಸಿದ ಚಾಲುಕ್ಯ ದೊರೆ ಮಂಗಳೇಶ ಪಶ್ಚಿಮದ ಕಡಲನ್ನು ಕಡೆಗಣಿಸಿರಲಿಲ್ಲ. ಅವನ ಸೇನೆ ರೇವತೀದ್ವೀಪವನ್ನು ಗೆದ್ದಿತೆಂದು 634ರ ಐಹೊಳೆ ಶಾಸನ ತಿಳಿಸುತ್ತದೆ. ಅವನ ನಂತರದ ಇಮ್ಮಡಿ ಪುಲಕೇಶಿ ಮದಗಜಗಳಂಥ ನೂರಾರು ಹಡಗುಗಳಿಂದ ಪುರಿಯನ್ನು ಮುತ್ತಿದ ವಿವರವೂ ಅದರಲ್ಲಿದೆ. ಆ ಹಡಗುಗಳ ಅಳತೆ ಮಾತ್ರ ಶಾಸನದಲ್ಲಿಲ್ಲ. ಹದಿಮೂರು ಶತಮಾನಗಳ ಬಳಿಕ ಸ್ವತಂತ್ರ ಭಾರತ ತನ್ನ ಮೊದಲ ವಿಮಾನವಾಹಕ ನೌಕೆಯನ್ನು ಕೊಳ್ಳಲು ಹೊರಟಾಗ ಅಳತೆಯೇ ಮುಖ್ಯ ಪ್ರಶ್ನೆಯಾಯಿತು.

ಈ ಲೆಕ್ಕ ಹಡಗಿನಿಂದಲ್ಲ, ವಿಮಾನದಿಂದ ಶುರುವಾಗುತ್ತದೆ. ವಿಮಾನದ ತೂಕ ಮತ್ತು ಅದು ಇಳಿಯುವ ವೇಗಕ್ಕೆ ತಕ್ಕಂತೆ ಅಟ್ಟದ ಉದ್ದ, ಅದನ್ನು ಚಿಮ್ಮಿಸುವ ಯಂತ್ರದ ಬಲ, ತಡೆದು ನಿಲ್ಲಿಸುವ ತಂತಿಗಳ ಶಕ್ತಿ ನಿರ್ಧಾರವಾಗುತ್ತವೆ. ಎರಡನೆಯದು ಸಂಖ್ಯೆ. ಕೆಲವು ವಿಮಾನ ದುರಸ್ತಿಯಲ್ಲಿ, ಕೆಲವು ಇಂಧನ ತುಂಬಿಸಿಕೊಳ್ಳುತ್ತ ಇರುವುದರಿಂದ ಸದಾ ನಾಲ್ಕು ಆಕಾಶದಲ್ಲಿರಬೇಕೆಂದರೆ ಹಡಗಿನಲ್ಲಿ ಅದರ ಹಲವು ಪಟ್ಟು ಬೇಕು.

ಹಾಗಾದರೆ ದೊಡ್ಡದನ್ನೇ ಕೊಳ್ಳಬಾರದೇಕೆ? ದೊಡ್ಡ ನೌಕೆ ಅಲೆಗೆ ಕಡಿಮೆ ಓಲಾಡುತ್ತದೆ ನಿಜ. ಆದರೆ ಅದಕ್ಕೆ ಆಳವಾದ ಬಂದರು, ಹಿಡಿಸುವಂಥ ಡ್ರೈಡಾಕ್, ಹೆಚ್ಚು ಸಿಬ್ಬಂದಿ, ಬೆಂಗಾವಲು ಹಡಗುಗಳು ಬೇಕು. ಹಡಗು ಕೊಂಡ ದುಡ್ಡು ಒಮ್ಮೆಯದು. ಸಾಕುವ ಖರ್ಚು ದಶಕಗಳದ್ದು. ಮೊದಲ ಬಾರಿಗೆ ಕಲಿಯುವ ನೌಕಾಪಡೆಗೆ ಈ ಹೊರೆ ಸಣ್ಣದಲ್ಲ.

ಮೂರನೆಯ ಮಾತು, ಮಾರುಕಟ್ಟೆಯಲ್ಲಿ ಏನು ಸಿಗುತ್ತದೆ ಎಂಬುದು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಬೇಗ ಕಟ್ಟಬಹುದಾದ ಹಗುರ ವಾಹಕಗಳಿಗೆ ಕೈಹಾಕಿತು. ಸರಕು ಹಡಗು ಕಟ್ಟುವವರೂ ಅವನ್ನು ಕಟ್ಟಬಹುದಿತ್ತು. ಯುದ್ಧ ಮುಗಿದಾಗ ಹಲವು ಮಾರಾಟಕ್ಕೆ ಬಂದವು. ಕೆನಡಾ, ಆಸ್ಟ್ರೇಲಿಯ, ಬ್ರೆಜಿಲ್, ಅರ್ಜೆಂಟೀನಾಗಳಿಗೆ ದಕ್ಕಿದ್ದು ಈ ಬಗೆಯವೇ. 1945ರಲ್ಲಿ ನೀರಿಗಿಳಿದು ಅರ್ಧಕ್ಕೇ ನಿಂತಿದ್ದ ‘ಹರ್ಕ್ಯುಲಿಸ್’ ಅನ್ನು ಭಾರತ 1957ರಲ್ಲಿ ಕೊಂಡಿತು. ಬೆಲ್‌ಫಾಸ್ಟ್‌ನಲ್ಲಿ ಓರೆ ಅಟ್ಟ ಮತ್ತು ಉಗಿಯ ಚಿಮ್ಮುಯಂತ್ರ ಅಳವಡಿಸಿಕೊಂಡ ಅದು 1961ರ ಮಾರ್ಚ್ 4ರಂದು ‘ವಿಕ್ರಾಂತ್’ ಆಯಿತು. ತೂಕ ಸುಮಾರು 16 ಸಾವಿರ ಟನ್; ಉದ್ದ 213 ಮೀಟರ್.

ಸಣ್ಣದಾಯಿತೆ? 1971ರ ಯುದ್ಧವೇ ಉತ್ತರ ಹೇಳಿತು. ಬಾಯ್ಲರ್‌ನಲ್ಲಿ ಬಿರುಕು ಬಿಟ್ಟು ವೇಗ ತಗ್ಗಿಸಬೇಕಾಗಿದ್ದರೂ ವಿಕ್ರಾಂತ್ ಬಂಗಾಳ ಕೊಲ್ಲಿಗೆ ಹೋಯಿತು. ಅದರ ಸೀ ಹಾಕ್ ಮತ್ತು ಅಲೀಜ಼್ ವಿಮಾನಗಳು ಚಿತ್ತಗಾಂಗ್, ಕಾಕ್ಸ್ ಬಜಾರ್‌ಗಳ ಮೇಲೆ ದಾಳಿ ನಡೆಸಿದವು. ಕೈಯಲ್ಲಿದ್ದ ಕೆಲಸಕ್ಕೆ ಆ ಅಳತೆ ಸಾಕಾಯಿತು.

ಆದರೆ ಸಣ್ಣ ಅಟ್ಟಕ್ಕೆ ಒಂದು ಶಾಪವಿದೆ. ವಿಮಾನಗಳು ಪೀಳಿಗೆಯಿಂದ ಪೀಳಿಗೆಗೆ ಭಾರವಾಗುತ್ತವೆ, ಹಡಗು ಬೆಳೆಯುವುದಿಲ್ಲ. ಸೀ ಹಾಕ್ ನಂತರ ವಿಕ್ರಾಂತ್‌ಗೆ ಒಗ್ಗಿದ್ದು ಕಿರಿದಾದ ಜಾಗದಿಂದಲೇ ಏಳಬಲ್ಲ ಸೀ ಹ್ಯಾರಿಯರ್. ಥಾಯ್ಲೆಂಡಿನ ಪಾಡು ಇನ್ನೂ ಕಷ್ಟದ್ದು. 1997ರಲ್ಲಿ ಸೇವೆಗೆ ಬಂದ ಅದರ ಸುಮಾರು 11,500 ಟನ್ನಿನ ವಾಹಕದ ಹ್ಯಾರಿಯರ್‌ಗಳು 2006ರಲ್ಲಿ ನಿವೃತ್ತವಾದವು. ಅಲ್ಲಿಂದಾಚೆಗೆ ಅದಕ್ಕೆ ಉಳಿದದ್ದು ಹೆಲಿಕಾಪ್ಟರ್‌ಗಳಷ್ಟೆ.

ಭಾರತ ಪಾಠ ಕಲಿಯಿತು. ಮಿಗ್-29ಕೆ ವಿಮಾನವನ್ನು ಗಣನೆಗೆ ತೆಗೆದುಕೊಂಡಾಗ ಸ್ವದೇಶಿ ನೌಕೆಯ ನಕ್ಷೆಯೂ ಹಿಗ್ಗಿತು. 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಸೇವೆಗಿಳಿದ ಹೊಸ ವಿಕ್ರಾಂತ್ 262 ಮೀಟರ್ ಉದ್ದವಿದೆ. ರಷ್ಯಾದಲ್ಲಿ 2013ರಲ್ಲಿ ಸೇವೆಗೆ ಸೇರಿಸಿಕೊಂಡ ವಿಕ್ರಮಾದಿತ್ಯಕ್ಕೆ ನಮ್ಮ ಕಾರವಾರವೇ ನೆಲೆ.

ಮೊದಲ ನೌಕೆಯನ್ನು ಆಸೆಗೆ ತಕ್ಕಂತೆ ಕೊಂಡರೆ ಸಾಕಲಾಗದು. ಇಂದಿನ ವಿಮಾನಕ್ಕೆ ಮಾತ್ರ ತಕ್ಕಂತೆ ಕೊಂಡರೆ ನಾಳೆ ಅಟ್ಟ ಖಾಲಿ. ಇವೆರಡರ ನಡುವಿನ ಅಳತೆಯನ್ನು ಹುಡುಕುವುದೇ ನೌಕಾಪಡೆಯ ಮೊದಲ ಪರೀಕ್ಷೆ.