ಸರ್ವರ್ ಪ್ರೊಸೆಸರ್ ಆಯ್ಕೆ: ಬೆಲೆಪಟ್ಟಿಯ ಆಚೆಗಿನ ಲೆಕ್ಕ

ಸಂಸ್ಥೆಯೊಂದು ಹೊಸ ಸರ್ವರ್ ಖರೀದಿಗೆ ಕೊಟೇಷನ್‌ಗಳನ್ನು ತರಿಸಿದಾಗ ಆಡಳಿತ ಮಂಡಳಿಯ ಗಮನ ಸಹಜವಾಗಿಯೇ ಯಂತ್ರದ ಬೆಲೆಯತ್ತ ಹರಿಯುತ್ತದೆ. ಆದರೆ ಸರ್ವರ್ ಎಂಬುದು ಕೊಂಡ ದಿನವೇ ವೆಚ್ಚ ಮುಗಿಯುವ ಆಸ್ತಿಯಲ್ಲ. ಅದರ ಮೇಲೆ ನಡೆಯುವ ತಂತ್ರಾಂಶಗಳ ಪರವಾನಗಿ, ವಿದ್ಯುತ್, ತಂಪುಗೊಳಿಸುವ ವ್ಯವಸ್ಥೆ ಹಾಗೂ ನಿರ್ವಹಣೆ ವರ್ಷಗಟ್ಟಲೆ ಮುಂದುವರಿಯುವ ವೆಚ್ಚಗಳು. ಇವುಗಳ ಬಹುಪಾಲು ನಿರ್ಧಾರವಾಗುವುದು ಪ್ರೊಸೆಸರ್ ಆಯ್ಕೆಯ ಹಂತದಲ್ಲಿಯೇ. 2019ರಲ್ಲಿ ಮಾರುಕಟ್ಟೆಗೆ ಬಂದ ಎರಡು ಪ್ರೊಸೆಸರ್‌ಗಳ ಹೋಲಿಕೆಯಿಂದ ಈ ವಿಷಯವನ್ನು ಸ್ಪಷ್ಟವಾಗಿ ಅರಿಯಬಹುದು. ಇವುಗಳ ನಂತರ ಹೊಸ ತಲೆಮಾರುಗಳು ಬಂದಿವೆಯಾದರೂ ಲೆಕ್ಕದ ವಿಧಾನ ಬದಲಾಗಿಲ್ಲ.

ಎರಡು ಪ್ರೊಸೆಸರ್‌ಗಳು

ಇಂಟೆಲ್ ಸಂಸ್ಥೆಯ ಜಿಯಾನ್ ಪ್ಲಾಟಿನಂ 8280 ಏಪ್ರಿಲ್ 2019ರಲ್ಲಿಯೂ, ಎಎಂಡಿ ಸಂಸ್ಥೆಯ ಎಪಿಕ್ 7742 ಆಗಸ್ಟ್ 2019ರಲ್ಲಿಯೂ ಬಿಡುಗಡೆಗೊಂಡವು. ಸಾವಿರ ಸಂಖ್ಯೆಯ ಖರೀದಿಗೆ ತಯಾರಕರು ಆಗ ಪ್ರಕಟಿಸಿದ ಬೆಲೆ ಹಾಗೂ ಮುಖ್ಯ ಗುಣಲಕ್ಷಣಗಳು ಹೀಗಿವೆ:

ಕೋರ್‌ಗಳು: ಜಿಯಾನ್ 28, ಎಪಿಕ್ 64
ಮೂಲ ವೇಗ: ಜಿಯಾನ್ 2.7 ಗಿಗಾಹರ್ಟ್ಸ್, ಎಪಿಕ್ 2.25 ಗಿಗಾಹರ್ಟ್ಸ್
ಗರಿಷ್ಠ ವೇಗ: ಜಿಯಾನ್ 4.0 ಗಿಗಾಹರ್ಟ್ಸ್, ಎಪಿಕ್ 3.4 ಗಿಗಾಹರ್ಟ್ಸ್
ಮೆಮೊರಿ ಚಾನೆಲ್‌ಗಳು: ಜಿಯಾನ್ 6, ಎಪಿಕ್ 8
ನಿಗದಿತ ಉಷ್ಣ ಮಿತಿ: ಜಿಯಾನ್ 205 ವ್ಯಾಟ್; ಎಪಿಕ್ 225 ವ್ಯಾಟ್
ಪ್ರಕಟಿತ ಬೆಲೆ: ಜಿಯಾನ್ 10,009 ಡಾಲರ್, ಎಪಿಕ್ 6,950 ಡಾಲರ್

ಪ್ರತಿ ಕೋರ್‌ಗೆ ಭಾಗಿಸಿದರೆ ಜಿಯಾನ್‌ನಲ್ಲಿ ಸುಮಾರು 357 ಡಾಲರ್, ಎಪಿಕ್‌ನಲ್ಲಿ ಸುಮಾರು 109 ಡಾಲರ್. ಇಷ್ಟನ್ನೇ ನೋಡಿದವರು ಎರಡನೆಯದನ್ನು ಹಿಂದೆ ಮುಂದೆ ನೋಡದೆ ಆರಿಸಿಯಾರು. ತೀರ್ಮಾನಕ್ಕೆ ಮುನ್ನ ಇನ್ನೂ ಕೆಲವು ಅಂಶಗಳನ್ನು ಪರಿಶೀಲಿಸಬೇಕಾಗುತ್ತದೆ.

ಕಾರ್ಯಕ್ಷಮತೆಯ ಎರಡು ಮುಖಗಳು

ಪ್ರೊಸೆಸರ್‌ನ ಸಾಮರ್ಥ್ಯವನ್ನು ಎರಡು ರೀತಿಯಲ್ಲಿ ಅಳೆಯಲಾಗುತ್ತದೆ. ಒಂದು ಕೆಲಸವನ್ನು ಎಷ್ಟು ಬೇಗ ಮುಗಿಸುತ್ತದೆ ಎಂಬುದು ಒಂದು ಬಗೆ; ನಿಗದಿತ ಅವಧಿಯಲ್ಲಿ ಒಟ್ಟು ಎಷ್ಟು ಕೆಲಸ ಮಾಡುತ್ತದೆ ಎಂಬುದು ಇನ್ನೊಂದು. ಗಣಕಯಂತ್ರಗಳ ಕ್ಷಮತೆ ಪರೀಕ್ಷೆಗೆ ಹೆಸರಾದ ಸ್ಪೆಕ್ ಸಂಸ್ಥೆಯೂ ತನ್ನ 2017ರ ಪರೀಕ್ಷಾ ಸಮೂಹದಲ್ಲಿ ಇವೆರಡನ್ನು ‘ಸ್ಪೀಡ್’ ಮತ್ತು ‘ರೇಟ್’ ಎಂದು ಪ್ರತ್ಯೇಕವಾಗಿಯೇ ಇರಿಸಿದೆ. ಬ್ಯಾಂಕಿನ ಶಾಖೆಯಲ್ಲಿ ಒಬ್ಬ ಚುರುಕಾದ ಗುಮಾಸ್ತನಿರುವುದಕ್ಕೂ, ಸಾಧಾರಣ ವೇಗದ ಹಲವು ಗುಮಾಸ್ತರಿರುವುದಕ್ಕೂ ಇರುವ ವ್ಯತ್ಯಾಸದಂತೆಯೇ ಇದು.

ಪೂರ್ಣಾಂಕ ಗಣನೆಯ ‘ರೇಟ್’ ಪರೀಕ್ಷೆಯಲ್ಲಿ ಎರಡು ಎಪಿಕ್ 7742 ಅಳವಡಿಸಿದ ಸರ್ವರ್‌ಗಳು, ಎರಡು ಜಿಯಾನ್ 8280 ಇರುವ ಸರ್ವರ್‌ಗಳ ಸರಿಸುಮಾರು ಇಮ್ಮಡಿ ಅಂಕ ಪಡೆದವು. ಅನೇಕ ವರ್ಚುವಲ್ ಯಂತ್ರಗಳನ್ನು ಒಂದೇ ಸರ್ವರ್‌ನಲ್ಲಿ ನಡೆಸುವವರಿಗೆ ಇದು ನಿಜವಾದ ಲಾಭ. ಆದರೆ ಒಂದೇ ಕೋರ್‌ನ ವೇಗವನ್ನು ಅವಲಂಬಿಸಿದ ಹಳೆಯ ತಂತ್ರಾಂಶಕ್ಕೆ ಉಳಿದ 63 ಕೋರ್‌ಗಳಿಂದ ಪ್ರಯೋಜನ ಅತ್ಯಲ್ಪ. ಎವಿಎಕ್ಸ್-512 ಎಂಬ ವಿಶೇಷ ಗಣನ ಸೌಲಭ್ಯವನ್ನು ಬಳಸುವ ತಂತ್ರಾಂಶಗಳಿಗೆ ಜಿಯಾನ್ ಅನುಕೂಲಕರವಾಗಿತ್ತು. ಆ ತಲೆಮಾರಿನ ಎಪಿಕ್‌ನಲ್ಲಿ ಅದು ಇರಲಿಲ್ಲ. ಹೀಗಾಗಿ ‘ಯಾವುದು ಉತ್ತಮ’ ಎಂದು ಕೇಳುವ ಮೊದಲು ‘ಯಾವ ಕೆಲಸಕ್ಕೆ’ ಎಂದು ಕೇಳಿಕೊಳ್ಳುವುದು ಅಗತ್ಯ.

ಪರವಾನಗಿ ಶುಲ್ಕ: ನಿರ್ಣಾಯಕ ಅಂಶ

ಲೆಕ್ಕಪತ್ರದ ದೃಷ್ಟಿಯಿಂದ ಅತಿ ಮಹತ್ವದ ವಿಷಯ ಇಲ್ಲಿದೆ. ಅನೇಕ ತಂತ್ರಾಂಶಗಳ ಪರವಾನಗಿ ಶುಲ್ಕ ಕೋರ್‌ಗಳ ಸಂಖ್ಯೆಯನ್ನು ಆಧರಿಸಿದೆ. ವಿಂಡೋಸ್ ಸರ್ವರ್ 2016ರ ಆವೃತ್ತಿಯಿಂದಲೇ ಈ ಪದ್ಧತಿಯನ್ನು ಅನುಸರಿಸಿದ್ದು, ಪ್ರತಿ ಸರ್ವರ್‌ಗೆ ಕನಿಷ್ಠ 16 ಕೋರ್‌ಗಳ ಪರವಾನಗಿ ಕಡ್ಡಾಯ. 64 ಕೋರ್‌ಗಳಿದ್ದರೆ ಇದರ ನಾಲ್ಕರಷ್ಟು ಪರವಾನಗಿ ಬೇಕಾಗುತ್ತದೆ.

ಡೇಟಾಬೇಸ್ ತಂತ್ರಾಂಶಗಳಲ್ಲಿ ಈ ಅಂತರ ಮತ್ತಷ್ಟು ಹಿರಿದಾಗುತ್ತದೆ. ಎಸ್‌ಕ್ಯೂಎಲ್ ಸರ್ವರ್ 2019ರ ಎಂಟರ್‌ಪ್ರೈಸ್ ಆವೃತ್ತಿಗೆ ಎರಡು ಕೋರ್‌ಗಳ ಪ್ರಕಟಿತ ಶುಲ್ಕ 13,000 ಡಾಲರ್‌ಗೂ ಅಧಿಕವಾಗಿತ್ತು. ಲೆಕ್ಕದ ಅನುಕೂಲಕ್ಕಾಗಿ 13,000 ಡಾಲರ್ ಎಂದೇ ಹಿಡಿದು, ಸರ್ವರ್‌ನ ಎಲ್ಲ ಕೋರ್‌ಗಳಿಗೂ ಪರವಾನಗಿ ಪಡೆದರೆ, 28 ಕೋರ್‌ಗಳ ಜಿಯಾನ್‌ಗೆ 1,82,000 ಡಾಲರ್, 64 ಕೋರ್‌ಗಳ ಎಪಿಕ್‌ಗೆ 4,16,000 ಡಾಲರ್ ತಗಲುತ್ತದೆ. ಪ್ರೊಸೆಸರ್ ಖರೀದಿಯಲ್ಲಿ 3,059 ಡಾಲರ್ ಉಳಿಸಿದ ಸಂಸ್ಥೆ, ಪರವಾನಗಿಯಲ್ಲಿ 2,34,000 ಡಾಲರ್ ಹೆಚ್ಚುವರಿಯಾಗಿ ತೆತ್ತಂತಾಯಿತು. ಹೆಚ್ಚಿನ ಕೋರ್‌ಗಳು ನಿಜಕ್ಕೂ ದುಡಿಯುವುದಾದರೆ ಈ ವೆಚ್ಚ ಸಮರ್ಥನೀಯ. ಸುಮ್ಮನಿರುವುದಾದರೆ ಅದು ಶುದ್ಧ ನಷ್ಟ.

ಹಾಗೆಂದು ಎಎಂಡಿಯ ಪ್ರೊಸೆಸರ್‌ಗಳೇ ದುಬಾರಿ ಎಂದು ಭಾವಿಸಬೇಕಿಲ್ಲ. ಏಪ್ರಿಲ್ 2020ರಲ್ಲಿ ಅದೇ ಸಂಸ್ಥೆ ಎಪಿಕ್ 7ಎಫ್52 ಎಂಬ, ಕೇವಲ 16 ಕೋರ್‌ಗಳಿದ್ದರೂ 3.5 ಗಿಗಾಹರ್ಟ್ಸ್ ಮೂಲ ವೇಗವುಳ್ಳ ಪ್ರೊಸೆಸರನ್ನು 3,100 ಡಾಲರ್‌ಗೆ ಬಿಡುಗಡೆ ಮಾಡಿತು. ಕೋರ್ ಒಂದಕ್ಕೆ 194 ಡಾಲರ್‌ನಷ್ಟಾಗುವ ಇದು 7742ಕ್ಕಿಂತ ತುಟ್ಟಿ ಎನಿಸುತ್ತದೆ. ಆದರೆ ಮೇಲಿನ ದರದಲ್ಲಿ ಇದರ ಡೇಟಾಬೇಸ್ ಪರವಾನಗಿ 1,04,000 ಡಾಲರ್‌ಗೆ ಇಳಿಯುತ್ತದೆ. ಕಡಿಮೆ ಕೋರ್‌ಗಳ, ಹೆಚ್ಚು ವೇಗದ ಪ್ರೊಸೆಸರ್‌ಗಳನ್ನು ತಯಾರಕರು ಹೊರತರುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಎಲ್ಲ ತಂತ್ರಾಂಶಗಳಿಗೂ ಈ ಮಾತು ಅನ್ವಯಿಸುವುದಿಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಂತಹ ಮುಕ್ತ ಡೇಟಾಬೇಸ್‌ಗಳಿಗೆ ಪರವಾನಗಿ ಶುಲ್ಕವಿಲ್ಲ. ಬೆಂಗಳೂರು ಮೂಲದ ಟ್ಯಾಲಿಯ ಪರವಾನಗಿಗೂ ಕೋರ್‌ಗಳ ಸಂಖ್ಯೆಗೂ ಸಂಬಂಧವಿಲ್ಲ. ಇಂತಹ ತಂತ್ರಾಂಶಗಳನ್ನೇ ಬಳಸುವ ಸಂಸ್ಥೆಗೆ ಹೆಚ್ಚು ಕೋರ್‌ಗಳು ನೇರ ಲಾಭವೇ ಸರಿ.

ವಿದ್ಯುತ್ ವೆಚ್ಚ

ಒಂದು ಎಪಿಕ್ 7742ಕ್ಕೆ ಬದಲಾಗಿ ಎರಡು ಜಿಯಾನ್ 8280 ಬಳಸಿದರೆ 56 ಕೋರ್‌ಗಳು ದೊರೆಯುತ್ತವೆ. ಆದರೆ ಉಷ್ಣ ಮಿತಿ 410 ವ್ಯಾಟ್ ಆಗುತ್ತದೆ. 225 ವ್ಯಾಟ್‌ಗೆ ಹೋಲಿಸಿದರೆ 185 ವ್ಯಾಟ್ ಅಧಿಕ. ಹಗಲಿರುಳು ಪೂರ್ಣ ಹೊರೆಯಲ್ಲಿ ನಡೆದರೆ ವರ್ಷಕ್ಕೆ ಸುಮಾರು 1,620 ಯೂನಿಟ್ ವ್ಯತ್ಯಾಸ. ಯೂನಿಟ್‌ಗೆ 8 ರೂಪಾಯಿ ಎಂದು ಊಹಿಸಿದರೂ ವಾರ್ಷಿಕ ವೆಚ್ಚ 13,000 ರೂಪಾಯಿಗಳ ಆಸುಪಾಸು. ತಂಪುಗೊಳಿಸುವ ವೆಚ್ಚ ಪ್ರತ್ಯೇಕ. ಹತ್ತಾರು ಸರ್ವರ್‌ಗಳಿರುವಲ್ಲಿ ಇದು ಗಣನೀಯ ಮೊತ್ತ. ಒಂದೆರಡು ಸರ್ವರ್‌ಗಳ ಸಂಸ್ಥೆಗೆ ಪರವಾನಗಿ ಶುಲ್ಕದ ಮುಂದೆ ಇದು ನಗಣ್ಯ.

ಬದಲಾಗುವ ಬೆಲೆ, ಬದಲಾಗುವ ಷರತ್ತು

ಪ್ರಕಟಿತ ಬೆಲೆ ಶಾಶ್ವತವಲ್ಲ. ಎಪಿಕ್‌ನ ಪೈಪೋಟಿಯ ನಡುವೆ ಇಂಟೆಲ್ ಫೆಬ್ರವರಿ 2020ರಲ್ಲಿ ಜಿಯಾನ್ ಗೋಲ್ಡ್ 6258ಆರ್ ಅನ್ನು ಹೊರತಂದಿತು. ಅದೇ 28 ಕೋರ್‌ಗಳು, ಅದೇ 2.7 ಗಿಗಾಹರ್ಟ್ಸ್ ಮೂಲ ವೇಗ, ಬೆಲೆ ಮಾತ್ರ 3,950 ಡಾಲರ್. ಇದನ್ನು ಎರಡಕ್ಕಿಂತ ಹೆಚ್ಚು ಪ್ರೊಸೆಸರ್‌ಗಳ ಸರ್ವರ್‌ನಲ್ಲಿ ಬಳಸಲಾಗದು. ಅಂತಹ ಸರ್ವರ್ ಬೇಡದವರಿಗೆ ಆ ಮಿತಿಯಿಂದ ತೊಂದರೆಯಿಲ್ಲ.

ಪರವಾನಗಿಯ ಷರತ್ತುಗಳೂ ಹಾಗೆಯೇ ಬದಲಾಗುತ್ತವೆ. ಪ್ರತಿ ಪ್ರೊಸೆಸರ್‌ಗೆ ಒಂದು ಪರವಾನಗಿ ಎಂಬ ನಿಯಮವಿದ್ದ ವಿಎಂವೇರ್, ಏಪ್ರಿಲ್ 2020ರಿಂದ ಒಂದು ಪರವಾನಗಿಯ ವ್ಯಾಪ್ತಿಯನ್ನು 32 ಕೋರ್‌ಗಳಿಗೆ ಮಿತಿಗೊಳಿಸಿತು. ಬ್ರಾಡ್‌ಕಾಮ್ ಒಡೆತನಕ್ಕೆ ಹೋದ ಮೇಲೆ, ಡಿಸೆಂಬರ್ 2023ರಲ್ಲಿ, ಶಾಶ್ವತ ಪರವಾನಗಿಗಳ ಮಾರಾಟವನ್ನೇ ನಿಲ್ಲಿಸಿ ಚಂದಾ ಪದ್ಧತಿಗೆ ಬದಲಾಯಿತು. ಶಾಶ್ವತ ಪರವಾನಗಿ ಅಮೂರ್ತ ಆಸ್ತಿಯಾಗಿ ಲೆಕ್ಕಕ್ಕೆ ಬಂದರೆ, ವಾರ್ಷಿಕ ಚಂದಾ ಆಯಾ ವರ್ಷದ ಲಾಭ-ನಷ್ಟ ಖಾತೆಗೆ ವೆಚ್ಚವಾಗಿ ಬೀಳುತ್ತದೆ. ಇದರ ಪರಿಣಾಮ ತಂತ್ರಜ್ಞಾನ ವಿಭಾಗದಲ್ಲಷ್ಟೇ ಅಲ್ಲ, ಆಯವ್ಯಯದಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಖರೀದಿಗೆ ಮುನ್ನ

ಕಂಪನಿ ಕಾಯ್ದೆ 2013ರ ಎರಡನೇ ಅನುಸೂಚಿಯು ಸರ್ವರ್‌ಗಳ ಉಪಯುಕ್ತ ಅವಧಿಯನ್ನು 6 ವರ್ಷ ಎಂದು ಗುರುತಿಸಿದೆ. ಹೋಲಿಕೆಯ ಲೆಕ್ಕವನ್ನೂ ಆರು ವರ್ಷಗಳಿಗೆ ಮಾಡುವುದು ಸೂಕ್ತ. ಇದಕ್ಕಾಗಿ ಈ ಕ್ರಮಗಳನ್ನು ಅನುಸರಿಸಬಹುದು:

1. ಈಗಿರುವ ಸರ್ವರ್‌ನಲ್ಲಿ ಪ್ರೊಸೆಸರ್ ಬಳಕೆಯ ಪ್ರಮಾಣವನ್ನು, ತಿಂಗಳ ಕೊನೆ ಹಾಗೂ ವರ್ಷಾಂತ್ಯದ ಒತ್ತಡದ ದಿನಗಳೂ ಸೇರಿದಂತೆ, ದಾಖಲಿಸುವುದು.

2. ಪ್ರತಿ ತಂತ್ರಾಂಶದ ಪರವಾನಗಿಯು ಕೋರ್, ಪ್ರೊಸೆಸರ್ ಅಥವಾ ಬಳಕೆದಾರ ಇವುಗಳಲ್ಲಿ ಯಾವ ಆಧಾರದ್ದೆಂದು ಲಿಖಿತವಾಗಿ ಪಡೆಯುವುದು. ವರ್ಚುವಲ್ ಯಂತ್ರಕ್ಕಷ್ಟೇ ಪರವಾನಗಿ ಪಡೆಯಲು ಅವಕಾಶವಿದೆಯೇ ಎಂದೂ ವಿಚಾರಿಸುವುದು.

3. ಇಂಟೆಲ್ ಸರ್ವರ್‌ಗಳಿರುವ ಸಂಸ್ಥೆ ಎಎಂಡಿಗೆ ಬದಲಾಗುವುದಾದರೆ, ಚಾಲನೆಯಲ್ಲಿರುವ ವರ್ಚುವಲ್ ಯಂತ್ರಗಳನ್ನು ನಿಲ್ಲಿಸದೆ ಒಂದರಿಂದ ಇನ್ನೊಂದಕ್ಕೆ ಸಾಗಿಸಲಾಗದು. ಆ ಅವಧಿಯ ಸೇವಾ ಸ್ಥಗಿತವನ್ನೂ ಲೆಕ್ಕಕ್ಕೆ ಸೇರಿಸುವುದು.

4. ಯಂತ್ರ, ಪರವಾನಗಿ, ವಿದ್ಯುತ್, ನಿರ್ವಹಣೆ ಇವುಗಳ ಆರು ವರ್ಷಗಳ ಮೊತ್ತವನ್ನು ಒಂದೇ ಹಾಳೆಯಲ್ಲಿ ಬರೆದು, ಅದನ್ನು ಸಂಸ್ಥೆಗೆ ನಿಜವಾಗಿ ಬೇಕಿರುವ ಕೆಲಸದ ಪ್ರಮಾಣದಿಂದ ಭಾಗಿಸುವುದು.

2024ರಲ್ಲಿ ಎಎಂಡಿ 192 ಕೋರ್‌ಗಳ ಹಾಗೂ ಇಂಟೆಲ್ 128 ಮತ್ತು 144 ಕೋರ್‌ಗಳ ಸರ್ವರ್ ಪ್ರೊಸೆಸರ್‌ಗಳನ್ನು ಹೊರತಂದಿವೆ. ಕೋರ್‌ಗಳ ಸಂಖ್ಯೆ ಏರಿದಂತೆಲ್ಲ ತಪ್ಪು ಆಯ್ಕೆಗೆ ತೆರಬೇಕಾದ ದಂಡವೂ ಏರುತ್ತದೆ. ಆದ್ದರಿಂದ ಸರ್ವರ್ ಖರೀದಿಯ ಕಡತ ತಂತ್ರಜ್ಞಾನ ವಿಭಾಗದಿಂದ ನೇರವಾಗಿ ಖರೀದಿ ವಿಭಾಗಕ್ಕೆ ಹೋಗದೆ, ನಡುವೆ ಒಮ್ಮೆ ಲೆಕ್ಕಪತ್ರ ವಿಭಾಗದ ಮೇಜಿನ ಮೇಲೂ ಬರುವಂತೆ ನೋಡಿಕೊಳ್ಳುವುದು ಉದ್ಯಮಿಗಳಿಗೆ ಹಿತಕರ.