55 ಗೆಲುವು, 60 ಸೋಲು: ಆಟ ಹುಟ್ಟುಹಾಕಿದ ಮೇಷ್ಟ್ರ ಲೆಕ್ಕ

ಹೋದ ಚಳಿಗಾಲದ ಒಂದು ಶನಿವಾರ. ಕ್ಯಾನ್ಸಸ್ ಸಿಟಿ ಪಕ್ಕದ ಓವರ್‌ಲ್ಯಾಂಡ್ ಪಾರ್ಕಿಗೆ ನಾನು ಪ್ರಾಜೆಕ್ಟ್ ಮೇಲೆ ಬಂದು ಆರು ತಿಂಗಳಾಗಿತ್ತು. ಆಫೀಸು, ಮನೆ, ಅನ್ನ-ಸಾರು, ಮತ್ತೆ ಆಫೀಸು. ರೂಮ್‌ಮೇಟ್‌ಗೆ ನನ್ನ ಮುಖ ನೋಡಿ ಸಾಕಾಯ್ತೋ ಏನೋ, "ಏಳೋ ಮಾರಾಯ, ಲಾರೆನ್ಸ್‌ಗೆ ಹೋಗಿ ಬರೋಣ. ಕಾಲೇಜಲ್ಲಿ ಬ್ಯಾಸ್ಕೆಟ್‌ಬಾಲ್ ಆಡ್ತಿದ್ದೆ ಅಂತಿದ್ಯಲ್ಲ, ಆ ಆಟದ ದೇವಸ್ಥಾನ ತೋರಿಸ್ತೀನಿ" ಅಂದ. ಕಾರಿನಲ್ಲಿ ಮುಕ್ಕಾಲು ಗಂಟೆ ದಾರಿ.

ಲಾರೆನ್ಸ್‌ನಲ್ಲಿರೋದು ಕ್ಯಾನ್ಸಸ್ ವಿಶ್ವವಿದ್ಯಾಲಯ. ಅಲ್ಲಿನ ಬ್ಯಾಸ್ಕೆಟ್‌ಬಾಲ್ ಅಂಗಳದ ಹೆಸರು ಅಲೆನ್ ಫೀಲ್ಡ್‌ಹೌಸ್. ಹದಿನೈದು ಸಾವಿರಕ್ಕೂ ಹೆಚ್ಚು ಜನ ಕೂರುವ ಜಾಗ. ಈ ಕಾಲೇಜಿನ ಪುರುಷರ ತಂಡ ಇದುವರೆಗೆ ಗೆದ್ದಿರೋ ಪಂದ್ಯಗಳು 2,000ಕ್ಕೂ ಹೆಚ್ಚು. 1952, 1988, 2008, 2022ರಲ್ಲಿ ರಾಷ್ಟ್ರೀಯ ಕಾಲೇಜು ಚಾಂಪಿಯನ್.

ಇಷ್ಟೆಲ್ಲ ಗೆದ್ದವರ ಮೊದಲ ಕೋಚ್ ಯಾರಿರಬಹುದು ಅಂತ ಫೋನ್ ತೆಗೆದು ನೋಡಿದೆ. ಪಟ್ಟಿಯ ಮೊದಲ ಹೆಸರು ಜೇಮ್ಸ್ ನೈಸ್ಮಿತ್. ಬ್ಯಾಸ್ಕೆಟ್‌ಬಾಲ್ ಆಟವನ್ನೇ ಹುಟ್ಟುಹಾಕಿದ ಮನುಷ್ಯ! ಹೆಸರಿನ ಮುಂದೆ ಲೆಕ್ಕ: ಒಂಬತ್ತು ಸೀಸನ್, 55 ಗೆಲುವು, 60 ಸೋಲು. ಈ ತಂಡದ ಇಡೀ ಇತಿಹಾಸದಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಿರುವ ಕೋಚ್ ಅವರೊಬ್ಬರೇ.

ನಗು ಬಂತು. ಆಮೇಲೆ ನಮ್ಮ ಪಿ.ಡಿ. ಸರ್ ನೆನಪಾದರು.

ಕಪ್ ಇಲ್ಲದ ಕೋರ್ಟು

ನಮ್ಮ ಕಾಲೇಜಿನ ಫಿಸಿಕಲ್ ಡೈರೆಕ್ಟರ್ ಅವರು. ಎಲ್ಲರ ಬಾಯಲ್ಲೂ ಪಿ.ಡಿ. ಸರ್. ಬೆಳಗ್ಗೆ ಐದೂವರೆಗೆ ಹಾಸ್ಟೆಲ್ ಬಾಗಿಲು ಬಡಿದು ಎಬ್ಬಿಸೋರು. ಚೆನ್ನಾಗಿ ಆಡೋನು, ಆಡದೋನು ಅನ್ನೋ ಭೇದ ಇರಲಿಲ್ಲ. ಬಂದವರಿಗೆಲ್ಲ ಬಾಲ್ ಸಿಗಬೇಕು. ಪಂದ್ಯ ಸೋಲ್ತಾ ಇದ್ದರೂ ಬೆಂಚಲ್ಲಿ ಕೂತಿರೋ ನನ್ನಂಥವನನ್ನ ಕೊನೇ ಐದು ನಿಮಿಷ ಒಳಗೆ ಕಳಿಸೋರು. ನಾಲ್ಕು ವರ್ಷದಲ್ಲಿ ನಾವು ಗೆದ್ದ ಪಂದ್ಯ ಎರಡೋ ಮೂರೋ.

ನಾನು ಫೈನಲ್ ಇಯರ್‌ನಲ್ಲಿದ್ದಾಗ ಆಡಳಿತ ಮಂಡಳಿಯವರು "ಒಂದು ಕಪ್ ಕೂಡ ಬಂದಿಲ್ಲ, ಈ ಕೋರ್ಟ್ ಯಾಕೆ?" ಅಂತ ಕೇಳಿದರು. ರಜೆ ಮುಗಿಸಿ ಬರೋಷ್ಟರಲ್ಲಿ ಕಂಬ ಕಿತ್ತು ಹಾಕಿ, ಅಲ್ಲಿ ಕಾರ್ ಪಾರ್ಕಿಂಗ್ ಗೆರೆ ಎಳೆದಿದ್ದರು. ಸರ್‌ಗೆ ಹಾಜರಾತಿ ನೋಡೋ ಕೆಲಸ ಕೊಟ್ಟರು. ನಿವೃತ್ತಿ ದಿನ ನಾವು ಐದಾರು ಜನ ಹೋಗಿದ್ದಾಗ, "ನನ್ನ ಲೆಕ್ಕದಲ್ಲಿ ಒಂದೂ ಕಪ್ ಇಲ್ಲ ಕಣ್ರಪ್ಪಾ" ಅಂದಿದ್ದರು. ಏನು ಹೇಳಬೇಕು ಅಂತ ಗೊತ್ತಾಗದೆ ಸುಮ್ಮನೆ ಶಾಲು ಹೊದಿಸಿ ಬಂದಿದ್ದೆವು.

ಅದಕ್ಕೇ 55–60 ಅನ್ನೋ ಆ ಲೆಕ್ಕ ನನ್ನನ್ನ ಬಿಡಲಿಲ್ಲ. ಮನೆಗೆ ಬಂದು ವಾರಗಟ್ಟಲೆ ಓದಿದೆ.

ಹಣ್ಣಿನ ಬುಟ್ಟಿಯಿಂದ ಶುರು

ನೈಸ್ಮಿತ್ ಹುಟ್ಟಿದ್ದು 1861ರಲ್ಲಿ, ಕೆನಡಾದ ಆಲ್ಮಾಂಟ್ ಊರಿನ ಹತ್ತಿರ. ಇನ್ನೂ ಚಿಕ್ಕವರಿದ್ದಾಗಲೇ ಅಪ್ಪ-ಅಮ್ಮ ಇಬ್ಬರೂ ಟೈಫಾಯ್ಡ್‌ನಿಂದ ತೀರಿಕೊಂಡರು. ಮುಂದೆ ಮಾಂಟ್ರಿಯಲ್‌ನಲ್ಲಿ ಓದಿ, ಧರ್ಮಶಾಸ್ತ್ರವನ್ನೂ ಕಲಿತು, ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಗೆ ಬಂದರು.

1891ರ ಚಳಿಗಾಲ. ಹೊರಗೆ ಹಿಮ, ಒಳಗೆ ಕವಾಯತು ಮಾಡಿ ಮಾಡಿ ಬೇಸತ್ತ 18 ವಿದ್ಯಾರ್ಥಿಗಳ ತಂಟೆಕೋರ ಕ್ಲಾಸು. ಅವರಿಗೊಂದು ಹೊಸ ಒಳಾಂಗಣ ಆಟ ಹುಡುಕು ಅಂತ ಮೇಲಧಿಕಾರಿ ಲೂಥರ್ ಗುಲಿಕ್ ಕೊಟ್ಟ ಗಡುವು ಹದಿನಾಲ್ಕು ದಿನ. ನೈಸ್ಮಿತ್ ಕಟ್ಟಡ ನೋಡಿಕೊಳ್ಳುವವನ ಹತ್ತಿರ ಎರಡು ಪೆಟ್ಟಿಗೆ ಕೇಳಿದರು. ಅವನ ಬಳಿ ಇದ್ದದ್ದು ಪೀಚ್ ಹಣ್ಣಿನ ಎರಡು ಬುಟ್ಟಿ. ಅದನ್ನೇ ಬಾಲ್ಕನಿಗೆ ಮೊಳೆ ಹೊಡೆದು ಕೂರಿಸಿದರು. ಬಾಲ್ಕನಿ ಇದ್ದದ್ದು ಹತ್ತು ಅಡಿ ಎತ್ತರದಲ್ಲಿ; ಇವತ್ತಿಗೂ ರಿಂಗ್ ಇರೋದು ಹತ್ತು ಅಡಿಗೇ. ಕಡೆಗೆ ಒಂಬತ್ತು ಜನರಂತೆ ಫುಟ್‌ಬಾಲ್ ಹಿಡಿದು ಆಡಿದ ಆ ಮೊದಲ ಆಟದ ಸ್ಕೋರು 1–0.

ಗೋಡೆಗೆ ಅಂಟಿಸಿದ್ದು ಎರಡು ಹಾಳೆಯಲ್ಲಿ ಟೈಪ್ ಮಾಡಿದ 13 ನಿಯಮಗಳು. ಬಾಲ್ ಹಿಡಿದು ಓಡಬಾರದು, ಭುಜದಿಂದ ಗುದ್ದಬಾರದು, ತಳ್ಳಬಾರದು ಇತ್ಯಾದಿ. ಅಂಪೈರ್ ಏನು ಮಾಡಬೇಕು, ರೆಫರಿ ಏನು ಮಾಡಬೇಕು ಅಂತಲೂ ಇದೆ. ಕೋಚ್ ಅನ್ನೋ ಮಾತು ಮಾತ್ರ ಎಲ್ಲೂ ಇಲ್ಲ.

ಕೆಲಸ ಕೊಟ್ಟದ್ದು ಪ್ರಾರ್ಥನೆಗೆ

ಆಮೇಲೆ ನೈಸ್ಮಿತ್ ಡೆನ್ವರ್‌ಗೆ ಹೋಗಿ, ವೈಎಂಸಿಎಯಲ್ಲಿ ಕೆಲಸ ಮಾಡುತ್ತಲೇ ಡಾಕ್ಟರ್ ಪದವಿ ಪಡೆದರು. 1898ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯ ಅವರನ್ನು ಕರೆಸಿಕೊಂಡಿತು. ಬ್ಯಾಸ್ಕೆಟ್‌ಬಾಲ್‌ಗೆ ಅಂತ ಅಲ್ಲ! ಪ್ರಾರ್ಥನೆ ನಡೆಸೋಕೆ ಒಬ್ಬರು ಬೇಕಿತ್ತು, ಹುಡುಗರಿಗೆ ವ್ಯಾಯಾಮ ಕಲಿಸೋಕೆ ಒಬ್ಬರು ಬೇಕಿತ್ತು. ಎರಡೂ ಒಬ್ಬರಲ್ಲೇ ಸಿಕ್ಕಿತು. ನಮ್ಮ ಲೆಕ್ಕದಲ್ಲಿ ಹೇಳೋದಾದರೆ ಅವರು ಅಲ್ಲಿನ ಪಿ.ಡಿ. ಸರ್.

ಅವರು ಬಂದ ಮೊದಲ ಚಳಿಗಾಲದಲ್ಲೇ ತಂಡ ತಯಾರಾಯಿತು. 1899ರ ಫೆಬ್ರವರಿ 3ರಂದು ಮೊದಲ ಪಂದ್ಯ, ಎದುರಾಳಿ ಕ್ಯಾನ್ಸಸ್ ಸಿಟಿಯ ವೈಎಂಸಿಎ. 16–5ರಲ್ಲಿ ಸೋಲು. ಆಟ ಕಂಡುಹಿಡಿದವರ ತಂಡವೇ ಮೊದಲ ಪಂದ್ಯ ಸೋತಿತ್ತು. ಅದೇ ತಿಂಗಳಲ್ಲಿ ಟೊಪೀಕಾ ವೈಎಂಸಿಎ ಮೇಲೆ ಮೊದಲ ಗೆಲುವು ಬಂತು. ಆ ವರ್ಷ ಒಟ್ಟು 7 ಗೆದ್ದು 4 ಸೋತರು.

ಆಗ ಸುತ್ತಮುತ್ತ ಆಡೋ ಕಾಲೇಜುಗಳೇ ಕಡಿಮೆ. ಎದುರಿಗೆ ಬರುತ್ತಿದ್ದವರು ವೈಎಂಸಿಎ ತಂಡಗಳು, ಅಥ್ಲೆಟಿಕ್ ಕ್ಲಬ್ಬಿನ ಪಳಗಿದ ಆಟಗಾರರು. ಇವರ ಮೊದಲ ಅಂಗಳವೋ ಹಳೆಯ ಸ್ನೋ ಹಾಲ್ ಕಟ್ಟಡದ ನೆಲಮಾಳಿಗೆ. ಚಾವಣಿ ತಗ್ಗು, ಆಡೋ ಜಾಗದ ನಡುವೆಯೇ ಕಂಬ. ಎತ್ತರಕ್ಕೆ ಎಸೆದರೆ ಚಾವಣಿ, ತಿರುಗಿ ಓಡಿದರೆ ಕಂಬ. ಸರಿಯಾದ ಜಿಮ್ನೇಷಿಯಂ ಸಿದ್ಧವಾದದ್ದು 1907ರಲ್ಲಿ, ನೈಸ್ಮಿತ್ ಕೋಚ್ ಕೆಲಸ ಬಿಟ್ಟ ವರ್ಷವೇ.

ಅವರಿಗೂ ಗೆಲುವಿನ ಹುಚ್ಚಿರಲಿಲ್ಲ. ಕುಸ್ತಿ, ಕತ್ತಿವರಸೆ, ಜಿಮ್ನಾಸ್ಟಿಕ್ಸ್ ಅಂದರೆ ಇಷ್ಟ. ತಮ್ಮದೇ ತಂಡದ ಎಷ್ಟೋ ಪಂದ್ಯಗಳಿಗೆ ತಾವೇ ರೆಫರಿ ಆಗಿ ನಿಂತುಬಿಡುತ್ತಿದ್ದರು. ಸೀಟಿ ಊದೋ ಮನುಷ್ಯ ತನ್ನ ಹುಡುಗರ ಪರ ವಹಿಸೋಕಾಗುತ್ತಾ?

ಶಿಷ್ಯ ಕಲಿಸಿಕೊಟ್ಟ ಗೆಲುವು

ಆ ತಂಡದಲ್ಲೇ ಒಬ್ಬ ಹುಡುಗ ಇದ್ದ. ಫಾರೆಸ್ಟ್ ಅಲೆನ್. ಹಡಗಿನ ಸೈರನ್‌ನಂಥ ಗಂಟಲು, ಹಾಗಾಗಿ ಅಡ್ಡಹೆಸರು ಫಾಗ್. 1905ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ವಿಶ್ವ ಚಾಂಪಿಯನ್ ಅಂತ ಹೇಳಿಕೊಳ್ಳುತ್ತಿದ್ದ ಬಫಲೋ ಜರ್ಮನ್ಸ್ ತಂಡವನ್ನ ಕ್ಯಾನ್ಸಸ್ ಸಿಟಿಗೆ ಕರೆಸಿ, ಮೂರು ಪಂದ್ಯಗಳ ಸರಣಿಯಲ್ಲಿ ಕ್ಯಾನ್ಸಸ್ ಸಿಟಿಯ ಕ್ಲಬ್ ಪರ ಆಡಿ ಸೋಲಿಸಿದ ಆಸಾಮಿ.

ಪಕ್ಕದ ಬೇಕರ್ ವಿಶ್ವವಿದ್ಯಾಲಯ ಅವನನ್ನ ಕೋಚ್ ಆಗಿ ಬಾ ಅಂತ ಕರೆಯಿತು. ಆ ಸುದ್ದಿ ಕೇಳಿ ನೈಸ್ಮಿತ್ ನಕ್ಕರಂತೆ. ಬ್ಯಾಸ್ಕೆಟ್‌ಬಾಲ್ ಆಡೋಕಿರೋದಪ್ಪಾ, ಅದಕ್ಕೆ ಕೋಚ್ ಯಾಕೆ ಅಂತ ಕೇಳಿದರಂತೆ. ಅಲೆನ್ ಕೇಳಲಿಲ್ಲ, ಹೋದ. 1907ರಲ್ಲಿ ಗುರುಗಳ ಜಾಗಕ್ಕೇ ಬಂದ. ಮರುವರ್ಷವೇ ಕಾನ್ಫರೆನ್ಸ್ ಚಾಂಪಿಯನ್. 1909ರಲ್ಲಿ ಮೂಳೆ-ಕೀಲುಗಳ ಚಿಕಿತ್ಸೆ ಕಲಿಯಲು ಬಿಟ್ಟುಹೋದಾಗ ಡಬ್ಲ್ಯೂ. ಓ. ಹ್ಯಾಮಿಲ್ಟನ್ ಹತ್ತು ವರ್ಷ ನಡೆಸಿದರು. 1919ರಲ್ಲಿ ವಾಪಸ್ ಬಂದ ಅಲೆನ್ 1956ರವರೆಗೆ ಜಾಗ ಬಿಡಲಿಲ್ಲ. ಕ್ಯಾನ್ಸಸ್‌ನಲ್ಲಿ ಅವರ ಗೆಲುವು 590. ಅಂಗಳಕ್ಕಿರೋದು ಅವರದೇ ಹೆಸರು.

ಅಲೆನ್ ಕೈಕೆಳಗೆ ಆಡಿದ ಅಡಾಲ್ಫ್ ರಪ್ ಮುಂದೆ ಕೆಂಟಕಿಗೆ ಹೋಗಿ ನಾಲ್ಕು ರಾಷ್ಟ್ರೀಯ ಪ್ರಶಸ್ತಿ ಗೆದ್ದರು. 1952ರ ಚಾಂಪಿಯನ್ ತಂಡದಲ್ಲಿದ್ದ ಡೀನ್ ಸ್ಮಿತ್ ನಾರ್ತ್ ಕ್ಯಾರೊಲೈನಾದ ಕೋಚ್ ಆದರು. ಮೈಕೆಲ್ ಜೋರ್ಡನ್ ಅವರ ಹುಡುಗ. ಕೋಚ್ ಯಾಕೆ ಅಂತ ಕೇಳಿದ ಮೇಷ್ಟ್ರಿಂದಲೇ ಕೋಚ್‌ಗಳ ವಂಶ ಬೆಳೀತು.

ಜೆರ್ಸಿ ಸಿಗದ ಹುಡುಗ

ಇಲ್ಲಿಯವರೆಗೆ ಓದಿದಾಗ ನನಗೆ ಅಷ್ಟೇನೂ ಸಮಾಧಾನ ಆಗಿರಲಿಲ್ಲ. ಶಿಷ್ಯ ಗೆದ್ದ, ಅದಕ್ಕೇ ಗುರುವಿಗೆ ಹೆಸರು. ಕೊನೆಗೂ ಕಪ್ಪೇ ಬೇಕಾಯ್ತಲ್ಲ ಅನ್ನಿಸಿತು. ಆಮೇಲೆ ಸಿಕ್ಕಿದ್ದು ಜಾನ್ ಮೆಕ್ಲೆಂಡನ್ ಕಥೆ.

1933ರಲ್ಲಿ ಈ ಕಪ್ಪು ಹುಡುಗ ದೈಹಿಕ ಶಿಕ್ಷಣ ಓದೋಕೆ ಕ್ಯಾನ್ಸಸ್‌ಗೆ ಬಂದ. ಸೀದಾ ನೈಸ್ಮಿತ್ ಕೋಣೆಗೆ ಹೋಗಿ, ನೀವೇ ನನ್ನ ಮಾರ್ಗದರ್ಶಕರು ಅಂತ ಅಪ್ಪ ಹೇಳಿದ್ದಾರೆ ಅಂದ. ಅಪ್ಪಂದಿರು ಹೇಳಿದರೆ ಸರಿಯಾಗೇ ಇರುತ್ತೆ ಅಂತ ಎಪ್ಪತ್ತು ದಾಟಿದ್ದ ಮೇಷ್ಟ್ರು ಒಪ್ಪಿಕೊಂಡರಂತೆ.

ಆದರೆ ಆಗ ವಿಶ್ವವಿದ್ಯಾಲಯದ ತಂಡದಲ್ಲಿ ಕಪ್ಪು ಹುಡುಗರಿಗೆ ಜಾಗವಿರಲಿಲ್ಲ. ಇಷ್ಟು ಹೊಗಳಿದ ಅದೇ ತಂಡ, ಅದೇ ಅಲೆನ್ ಕಾಲ. ಆ ಜೆರ್ಸಿ ಮೊದಲ ಬಾರಿ ಒಬ್ಬ ಕಪ್ಪು ಆಟಗಾರನಿಗೆ ಸಿಕ್ಕಿದ್ದು 1950ರ ದಶಕದಲ್ಲಿ. ಈಜುಕೊಳದಲ್ಲೂ ಅದೇ ಕಥೆ: ಪದವಿಗೆ ಈಜು ಬರಲೇಬೇಕು, ಆದರೆ ಕೊಳಕ್ಕೆ ಇಳಿಯೋ ಹಾಗಿಲ್ಲ. ಮೆಕ್ಲೆಂಡನ್ ಇಳಿದೇಬಿಟ್ಟ. ಅವನು ಎದ್ದು ಹೋದ ಮೇಲೆ ನೀರನ್ನೇ ಖಾಲಿ ಮಾಡಿಸಿದರು. ನೈಸ್ಮಿತ್ ಹುಡುಗನ ಬೆನ್ನಿಗೆ ನಿಂತರು. ಕೊನೆಗೆ ಕೊಳ ಎಲ್ಲರಿಗೂ ತೆರೆಯಿತು.

ಒಂದೇ ಒಂದು ಪಂದ್ಯವನ್ನೂ ಆ ತಂಡಕ್ಕೆ ಆಡದೆ, ನೈಸ್ಮಿತ್ ಹತ್ತಿರ ಕೂತು ಆಟ ಕಲಿತು 1936ರಲ್ಲಿ ಪದವಿ ಪಡೆದ. ನಾರ್ತ್ ಕ್ಯಾರೊಲೈನಾದ ಡರಂ ಊರಿನಲ್ಲಿ, ಕಪ್ಪು ವಿದ್ಯಾರ್ಥಿಗಳ ಕಾಲೇಜಿನ ಕೋಚ್ ಆದ. 1944ರ ಮಾರ್ಚ್ 12, ಭಾನುವಾರ ಬೆಳಗ್ಗೆ, ಊರೆಲ್ಲ ಚರ್ಚಿನಲ್ಲಿದ್ದಾಗ ಡ್ಯೂಕ್ ವೈದ್ಯಕೀಯ ಕಾಲೇಜಿನ ಬಿಳಿಯ ಹುಡುಗರು ಕದ್ದುಮುಚ್ಚಿ ಇವರ ಜಿಮ್‌ಗೆ ಬಂದರು. ಇಬ್ಬರೂ ಸೇರಿ ಆಡೋದು ಆಗ ಕಾನೂನಿಗೆ ವಿರುದ್ಧ. ಬಾಗಿಲಿಗೆ ಬೀಗ. ಮೆಕ್ಲೆಂಡನ್ ಹುಡುಗರು 88–44ರಲ್ಲಿ ಗೆದ್ದರು. ಅದಾದ ಮೇಲೆ ಅವರು ಮಾಡಿದ್ದು ನನಗೆ ಇನ್ನೂ ಇಷ್ಟ: ಎರಡೂ ತಂಡದವರು ಬೆರೆತು ಇನ್ನೊಂದು ಆಟ ಆಡಿದರು.

ಮುಂದೆ ಟೆನೆಸಿಯಲ್ಲಿ 1957ರಿಂದ ಸತತ ಮೂರು ವರ್ಷ ಮೆಕ್ಲೆಂಡನ್ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ನೈಸ್ಮಿತ್ ಹೆಸರಿನ ಹಾಲ್ ಆಫ್ ಫೇಮ್‌ಗೆ ಅವರನ್ನು ಎರಡು ಸಲ ಸೇರಿಸಿದ್ದಾರೆ. ಆ 55–60ರ ಲೆಕ್ಕದಲ್ಲಿ ಇದ್ಯಾವುದೂ ಬರೋದಿಲ್ಲ. ಬರೆಯೋಕೆ ಅಲ್ಲಿ ಕಾಲಮ್ಮೇ ಇಲ್ಲ.

ಸರ್‌ಗೆ ಒಂದು ಫೋನು

1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಬ್ಯಾಸ್ಕೆಟ್‌ಬಾಲ್ ಸೇರಿದಾಗ, ಜನ ಚಿಲ್ಲರೆ ಕಾಸು ಕೂಡಿಸಿ ನೈಸ್ಮಿತ್ ಅವರನ್ನು ಕಳಿಸಿಕೊಟ್ಟರು. ಅದಕ್ಕೆ ಓಡಾಡಿದ್ದು ಶಿಷ್ಯ ಅಲೆನ್. 1939ರಲ್ಲಿ ಲಾರೆನ್ಸ್‌ನಲ್ಲೇ ಮೇಷ್ಟ್ರು ತೀರಿಕೊಂಡರು. ಅವರ ಆ ಎರಡು ಹಾಳೆ 2010ರಲ್ಲಿ ಹರಾಜಿಗೆ ಬಂದಾಗ ಕ್ಯಾನ್ಸಸ್‌ನ ಹಳೆಯ ವಿದ್ಯಾರ್ಥಿಯೊಬ್ಬರು 43 ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟು ಕೊಂಡರು. ಈಗ ಅವು ಅಂಗಳದ ಪಕ್ಕದ ಕಟ್ಟಡದಲ್ಲಿ, ಗಾಜಿನ ಹಿಂದೆ ಇವೆ.

ಇದನ್ನೆಲ್ಲ ಹೇಳೋಣ ಅಂತ ಒಂದು ರಾತ್ರಿ ಸರ್‌ಗೆ ಫೋನ್ ಮಾಡಿದೆ. ಊರಲ್ಲಿ ಆಗ ಬೆಳಗ್ಗೆ.

"ಏನಪ್ಪಾ, ಇಷ್ಟು ದೂರದಿಂದ?" ಅಂದರು. ನೈಸ್ಮಿತ್ ಲೆಕ್ಕ ಹೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾನು ಓದಿದ್ದು ಮದ್ರಾಸಿನ ವೈಎಂಸಿಎ ಕಾಲೇಜಲ್ಲಿ, ಗೊತ್ತಲ್ಲ? 1920ರಲ್ಲಿ ಅದನ್ನ ಶುರು ಮಾಡಿದ ಬಕ್ ದೊರೆ ಕಲಿತದ್ದು ಅದೇ ಸ್ಪ್ರಿಂಗ್‌ಫೀಲ್ಡಲ್ಲಿ. ನಮಗೆ ಮೊದಲ ದಿನವೇ ಪೀಚ್ ಬುಟ್ಟಿ ಕಥೆ ಹೇಳಿದ್ರು. ಈ ಅರವತ್ತು ಸೋಲಿನ ವಿಷಯ ಮಾತ್ರ ಯಾರೂ ಹೇಳಲಿಲ್ಲ ನೋಡು" ಅಂತ ನಕ್ಕರು.

ನಮ್ಮ ತಂಡದ ಒಬ್ಬ ಈಗ ಹುಬ್ಬಳ್ಳಿಯಲ್ಲಿ ಭಾನುವಾರ ಮಕ್ಕಳಿಗೆ ಆಟ ಕಲಿಸ್ತಾನೆ, ಇನ್ನೊಬ್ಬ ಜಿಲ್ಲಾ ಪಂದ್ಯಗಳಿಗೆ ರೆಫರಿ ಅಂತ ನಾನು ನೆನಪಿಸಿದೆ. "ಗೊತ್ತು, ಅವನು ಸೀಟಿ ಮೊದಲಿಂದಲೂ ಜೋರಾಗೇ ಊದ್ತಿದ್ದ" ಅಂದರು. ಆಮೇಲೆ ಕೇಳಿದರು: "ನೀನು ಆಡ್ತಾ ಇದ್ದೀಯೋ ಇಲ್ವೋ?"

ಇಲ್ಲ ಸರ್ ಅಂದೆ. ಬೈದರು. ಮುಂದಿನ ಶನಿವಾರ ರೂಮ್‌ಮೇಟ್ ಜೊತೆ ಅಪಾರ್ಟ್‌ಮೆಂಟ್ ಹಿಂದಿನ ಕೋರ್ಟಿಗೆ ಇಳಿದೆ. 21–9ರಲ್ಲಿ ಸೋತೆ.

ನಿಮ್ಮ ಕಾಲೇಜಿನಲ್ಲೂ ಒಬ್ಬ ಪಿ.ಡಿ. ಸರ್ ಇದ್ದರಲ್ಲ? ನಂಬರ್ ಇದ್ದರೆ ಈ ವಾರ ಒಂದು ಫೋನ್ ಮಾಡಿ. ಅವರು ಏನಂದರು ಅಂತ ಓದುಗರ ಅಂಕಣಕ್ಕೆ ಬರೆದು ಕಳಿಸಿ, ಓದೋಕೆ ನಾನಿದ್ದೇನೆ.