ಪಿಸ್ಟನ್‌ನ ಅಡಿಗೆ ಎಣ್ಣೆಯ ಧಾರೆ: ಯಾವ ಎಂಜಿನ್ನಿಗೆ ಬೇಕು, ಯಾವುದಕ್ಕೆ ಬೇಡ?

ಎಂಜಿನ್ನಿನ ಅತಿ ಬಿಸಿಯ ಭಾಗಗಳಲ್ಲಿ ಒಂದಾಗಿದ್ದೂ ರೇಡಿಯೇಟರಿನ ನೀರು ನೇರವಾಗಿ ಮುಟ್ಟದೆ ಉಳಿಯುವ ಭಾಗವೆಂದರೆ ಪಿಸ್ಟನ್. ಸಿಲಿಂಡರಿನ ಗೋಡೆಯ ಸುತ್ತ ಮತ್ತು ಮೇಲಿನ ಹೆಡ್‌ನ ಒಳಗೆ ನೀರು ಹರಿಯಲು ದಾರಿಗಳಿರುತ್ತವೆ. ಆದರೆ ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಸೆಕೆಂಡಿಗೆ 200 ಬಾರಿ ದಿಕ್ಕು ಬದಲಿಸುವ ಪಿಸ್ಟನ್‌ಗೆ ನೀರಿನ ಕೊಳವೆಯನ್ನು ಜೋಡಿಸುವುದು ಕಾರುಗಳ ಮಟ್ಟಿಗೆ ಆಗದ ಮಾತು. ಅದರ ತಲೆಯ ಮೇಲೆ ಉರಿಯುವ ಅನಿಲದ ಉಷ್ಣತೆ ಕ್ಷಣಕಾಲ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಪಿಸ್ಟನ್ ತಯಾರಾಗಿರುವ ಅಲ್ಯೂಮಿನಿಯಂ-ಸಿಲಿಕಾನ್ ಮಿಶ್ರಲೋಹವಾದರೋ 550 ಡಿಗ್ರಿಯ ಆಸುಪಾಸಿನಲ್ಲೇ ಕರಗತೊಡಗುತ್ತದೆ ಮತ್ತು 350 ಡಿಗ್ರಿ ಮುಟ್ಟುವ ಹೊತ್ತಿಗೆ ತನ್ನ ಗಟ್ಟಿತನದ ಬಹುಪಾಲನ್ನು ಕಳೆದುಕೊಂಡಿರುತ್ತದೆ. ಹೀಗಿದ್ದೂ ಅದು ಉಳಿಯುವುದು ಬಿಸಿ ಹೊರಹೋಗಲು ದಾರಿಯಿರುವುದರಿಂದ: ತಲೆಗೆ ಬಿದ್ದ ಉಷ್ಣದ ದೊಡ್ಡ ಪಾಲು ಅಂಚಿನತ್ತ ಹರಿದು, ಪಿಸ್ಟನ್ ರಿಂಗ್‌ಗಳ ಮೂಲಕ ಸಿಲಿಂಡರಿನ ಗೋಡೆಗೂ ಅಲ್ಲಿಂದ ನೀರಿಗೂ ಸೇರುತ್ತದೆ, ಉಳಿದದ್ದು ಪಿಸ್ಟನ್‌ನ ಪಕ್ಕೆಗಳಿಂದಲೂ ಅಡಿಗೆ ಸಿಡಿಯುವ ಎಣ್ಣೆಯಿಂದಲೂ ಹೋಗುತ್ತದೆ.

ಈ ಕೊನೆಯ ದಾರಿಯನ್ನು ಆಕಸ್ಮಿಕಕ್ಕೆ ಬಿಡದೆ, ಎಂಜಿನ್ ಬ್ಲಾಕಿನ ಮುಖ್ಯ ಎಣ್ಣೆ ನಾಳದಿಂದ ಒಂದೆರಡು ಮಿಲಿಮೀಟರ್ ರಂಧ್ರದ ಸಣ್ಣ ನಳಿಕೆಯೊಂದನ್ನು ಹೊರಡಿಸಿ, ಪಿಸ್ಟನ್‌ನ ಅಡಿಗೆ ಗುರಿಯಿಟ್ಟು ಎಂಜಿನ್ ಆಯಿಲನ್ನು ಚಿಮ್ಮಿಸುವ ಏರ್ಪಾಡಿಗೆ ಆಯಿಲ್ ಜೆಟ್ ಎನ್ನುತ್ತಾರೆ. ಬರಿಯ ಧಾರೆ ಪಿಸ್ಟನ್‌ನ ತಲೆಯ ಉಷ್ಣತೆಯನ್ನು ಸುಮಾರು 20ರಿಂದ 30 ಡಿಗ್ರಿಯಷ್ಟು ಇಳಿಸಬಲ್ಲದು. ಪಿಸ್ಟನ್‌ನ ಒಳಗೇ, ರಿಂಗ್‌ಗಳ ಹಿಂದೆ ಉಂಗುರದಾಕಾರದ ಟೊಳ್ಳು ಸುರಂಗವೊಂದನ್ನು ಎರಕದಲ್ಲೇ ಬಿಟ್ಟು ಧಾರೆಯನ್ನು ಅದರ ಬಾಯಿಗೆ ಹೊಡೆದರೆ ಪರಿಣಾಮ ಇನ್ನೂ ಹೆಚ್ಚು, ಏಕೆಂದರೆ ಅರ್ಧ ಕುಡಿದ ಎಳನೀರನ್ನು ಕುಲುಕಿದಂತೆ ಎಣ್ಣೆ ಆ ಸುರಂಗದ ಮೇಲಿನ ಗೋಡೆಗೂ ಕೆಳಗಿನ ಗೋಡೆಗೂ ಬಡಿಯುತ್ತ ಬಿಸಿಯನ್ನು ಹೀರಿಕೊಂಡು ಇನ್ನೊಂದು ತೂತಿನಿಂದ ಹೊರಬೀಳುತ್ತದೆ. ಹೆಚ್ಚು ಶಕ್ತಿಯ ಕಾರುಗಳಿಗೆಲ್ಲ ಇದು ಬೇಕೇ ಬೇಕೆಂಬ ನಂಬಿಕೆ ಕಾರುಪ್ರಿಯರಲ್ಲಿ ಬಲವಾಗಿದೆ. ಆದರೆ ಎಂಜಿನ್ನಿನ ಒಟ್ಟು ಅಶ್ವಶಕ್ತಿಯನ್ನು ನೋಡಿ ಈ ಪ್ರಶ್ನೆಗೆ ಉತ್ತರ ಹೇಳಲಾಗದು. ನೋಡಬೇಕಾದದ್ದು ಪಿಸ್ಟನ್‌ನ ಪ್ರತಿ ಚದರ ಸೆಂಟಿಮೀಟರಿಗೆ ಎಷ್ಟು ಹೊರೆ ಬೀಳುತ್ತದೆ, ಎಷ್ಟು ಹೊತ್ತು ಬೀಳುತ್ತದೆ, ಆ ಬಿಸಿ ಅಂಚು ತಲುಪಲು ಎಷ್ಟು ದೂರ ಸಾಗಬೇಕು ಎಂಬ ಮೂರು ಸಂಗತಿಗಳನ್ನು.

ಮೊದಲನೆಯದಕ್ಕೆ ಒಂದು ಲೆಕ್ಕ ಸಾಕು. ಅಮೆರಿಕದ ಜನರಲ್ ಮೋಟರ್ಸ್ 2006ರ ಮಾದರಿಯ ಕಾರ್ವೆಟ್ ಜೀ06 ಕಾರಿಗೆ ಕೊಟ್ಟ ಎಲ್‌ಎಸ್7 ಎಂಜಿನ್ 7 ಲೀಟರಿನದು, 505 ಅಶ್ವಶಕ್ತಿಯದು, ಟರ್ಬೊ ಇಲ್ಲದೆ ಗಾಳಿಯನ್ನು ತಾನೇ ಸೆಳೆದುಕೊಳ್ಳುವಂಥದು. ಅದಕ್ಕೆ ಆಯಿಲ್ ಜೆಟ್ ಇರಲಿಲ್ಲ. ಅದರ ಎಂಟು ಪಿಸ್ಟನ್‌ಗಳ ತಲೆಯ ಒಟ್ಟು ವಿಸ್ತೀರ್ಣ ಸುಮಾರು 690 ಚದರ ಸೆಂಟಿಮೀಟರ್ ಆದ್ದರಿಂದ ಚದರ ಸೆಂಟಿಮೀಟರಿಗೆ ಬಿದ್ದ ಪಾಲು ಮುಕ್ಕಾಲು ಅಶ್ವಶಕ್ತಿಗಿಂತ ತುಸು ಕಡಿಮೆ. ಅದೇ ಕುಟುಂಬದ 6.2 ಲೀಟರಿನ ಎಲ್‌ಎಸ್9 ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಸೇರಿಸಿ 638 ಅಶ್ವಶಕ್ತಿ ಪಡೆದಾಗ ಆ ಪಾಲು 0.95ಕ್ಕೆ ಏರಿತು, ಆಗ ಜೆಟ್‌ಗಳೂ ಬಂದವು. ಒಂದೇ ಮನೆಯ ಎರಡು ಎಂಜಿನ್‌ಗಳ ನಡುವಿನ ಈ ವ್ಯತ್ಯಾಸ ತಯಾರಕರ ತೀರ್ಮಾನ ಎಲ್ಲಿ ಬದಲಾಯಿತೆಂಬುದನ್ನು ಸ್ಪಷ್ಟವಾಗಿ ತೋರಿಸುತ್ತದೆ.

ಈಗ ಬೆಂಗಳೂರಿನ ಹೊರವಲಯದ ಎಂಜಿನ್ನೊಂದನ್ನು ಪಕ್ಕದಲ್ಲಿಟ್ಟು ನೋಡಬೇಕು. ಎಲೆಕ್ಟ್ರಾನಿಕ್ ಸಿಟಿಯ ಆಚೆಗಿನ ಜಿಗಣಿಯಲ್ಲಿ ಟೊಯೊಟಾ ಇಂಡಸ್ಟ್ರೀಸ್ ಎಂಜಿನ್ ಇಂಡಿಯಾ ಸಂಸ್ಥೆ 2016ರಿಂದ ಜಿಡಿ ಹೆಸರಿನ ಡೀಸೆಲ್ ಎಂಜಿನ್‌ಗಳನ್ನು ತಯಾರಿಸುತ್ತಿದೆ. ಬಿಡದಿಯಲ್ಲಿ ಜೋಡಣೆಯಾಗುವ ಇನ್ನೋವಾ ಕ್ರಿಸ್ಟಾ, ಫಾರ್ಚುನರ್ ಕಾರುಗಳಲ್ಲಿ ಈ ಕುಟುಂಬದ ಎಂಜಿನ್‌ಗಳಿವೆ. 2021ರ ಫಾರ್ಚುನರ್‌ನಲ್ಲಿ ಬಂದ 2.8 ಲೀಟರಿನ ಎಂಜಿನ್ 204 ಅಶ್ವಶಕ್ತಿಯದು. ಕಾರ್ವೆಟ್‌ನ ಅರ್ಧವೂ ಅಲ್ಲ. ಆದರೆ 92 ಮಿಲಿಮೀಟರ್ ಅಗಲದ ನಾಲ್ಕೇ ಪಿಸ್ಟನ್‌ಗಳ ಮೇಲೆ ಹಂಚಿದಾಗ ಚದರ ಸೆಂಟಿಮೀಟರಿಗೆ 0.77 ಅಶ್ವಶಕ್ತಿ ಬೀಳುತ್ತದೆ, ಅಂದರೆ ಆ ರೇಸ್ ಕುಲದ ಎಂಜಿನ್ನಿನಷ್ಟೇ. ಮೇಲಾಗಿ ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಉರಿಯುವುದು ಪಿಸ್ಟನ್‌ನ ತಲೆಯಲ್ಲೇ ಕೊರೆದ ಬಟ್ಟಲಿನೊಳಗೆ, ಜ್ವಾಲೆ ಬಟ್ಟಲಿನ ತುಟಿಗೆ ನೇರವಾಗಿ ತಾಗುತ್ತದೆ; ಆದ್ದರಿಂದ ಆ ತುಟಿ ಬಿರುಕು ಬಿಡುವುದೇ ಡೀಸೆಲ್ ಪಿಸ್ಟನ್‌ಗಳ ದೊಡ್ಡ ಭಯ. ಏಳು ಜನರನ್ನು ಕೂರಿಸಿಕೊಂಡು ಘಾಟಿ ಹತ್ತುವ ಇಂಥ ವಾಹನಕ್ಕೆ ಜೆಟ್ ಅತ್ಯಗತ್ಯ, ಅದು ಇದರಲ್ಲಿ ಇದೆ ಕೂಡ. ಕುಟುಂಬದ ಪ್ರಯಾಣಕ್ಕೆಂದು ಕೊಳ್ಳುವ ವಾಹನದ ಪಿಸ್ಟನ್‌ಗೆ ರೇಸ್ ಕಾರಿನಷ್ಟೇ ಕಾಳಜಿ ಬೇಕಾಗುವುದನ್ನು ಕೊಳ್ಳುವವರು ಹೆಚ್ಚಾಗಿ ಗಮನಿಸುವುದಿಲ್ಲ.

ಎರಡನೆಯ ಮತ್ತು ಮೂರನೆಯ ಸಂಗತಿಗಳನ್ನು ರೈಲ್ವೆಯ ಡೀಸೆಲ್ ಎಂಜಿನ್‌ಗಳು ಕಾರಿಗಿಂತ ಚೆನ್ನಾಗಿ ವಿವರಿಸುತ್ತವೆ. ಚಿಕ್ಕಬಾಣಾವರ ಜಂಕ್ಷನ್ನಿನಲ್ಲಿ ತುಮಕೂರಿನ ದಾರಿಯಿಂದ ಕವಲೊಡೆದು ಕುಣಿಗಲ್, ಶ್ರವಣಬೆಳಗೊಳದ ಮೂಲಕ ಹಾಸನ ಸೇರುವ ಮಾರ್ಗ 2017ರಲ್ಲಿ ಪೂರ್ತಿಯಾಯಿತು; ಅದೇ ದಾರಿ ಮುಂದೆ ಸಕಲೇಶಪುರ ದಾಟಿ ಸುಬ್ರಹ್ಮಣ್ಯಕ್ಕೆ ಇಳಿಯುವಲ್ಲಿ 50 ಮೀಟರಿಗೆ 1 ಮೀಟರಿನ ಕಡಿದಾದ ಇಳಿಜಾರಿದೆ. ವಿದ್ಯುದೀಕರಣಕ್ಕೆ ಮುನ್ನ ಈ ಘಟ್ಟವನ್ನು ರೈಲುಗಳೊಂದಿಗೆ ಹತ್ತಿದ ಎಂಜಿನ್‌ಗಳಲ್ಲಿ ಡಬ್ಲ್ಯುಡಿಪಿ-4, ಡಬ್ಲ್ಯುಡಿಜಿ-4 ಮಾದರಿಯವು ಮುಖ್ಯವಾದವು. ಕೃಷ್ಣರಾಜಪುರ ಮತ್ತು ಹುಬ್ಬಳ್ಳಿಯ ಡೀಸೆಲ್ ಶೆಡ್‌ಗಳು ಇವುಗಳ ನಿರ್ವಹಣೆಗೆ ಹೆಸರಾದವು. ಇವುಗಳಲ್ಲಿರುವ ಅಮೆರಿಕ ಮೂಲದ ಇಎಂಡಿ 710 ಎಂಜಿನ್ನಿಗೆ ಹದಿನಾರು ಸಿಲಿಂಡರುಗಳು, ಪ್ರತಿ ಪಿಸ್ಟನ್‌ನ ಅಗಲ 230 ಮಿಲಿಮೀಟರ್, ಶಕ್ತಿ 4000 ಅಶ್ವಶಕ್ತಿ. ಚದರ ಸೆಂಟಿಮೀಟರಿಗೆ ಲೆಕ್ಕ ಹಾಕಿದರೆ ಸಿಗುವುದು ಕೇವಲ 0.6, ವೇಗವೂ ನಿಮಿಷಕ್ಕೆ ಸುಮಾರು 900 ಸುತ್ತು ಮಾತ್ರ. ಆದರೂ ಇದಕ್ಕೆ ಎಣ್ಣೆಯ ತಂಪಿಲ್ಲದೆ ಗತಿಯಿಲ್ಲ. ಸಮನಾಗಿ ಬಿಸಿಯೇರುವ ತಟ್ಟೆಯೊಂದು ಅಂಚಿನಿಂದ ಮಾತ್ರ ತಣಿಯುವಾಗ, ದಪ್ಪ ಮತ್ತು ಲೋಹ ಒಂದೇ ಆಗಿದ್ದರೆ, ನಡುವಿಗೂ ಅಂಚಿಗೂ ಇರುವ ಉಷ್ಣತೆಯ ಅಂತರ ಅಗಲದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅಗಲ ಇಮ್ಮಡಿಯಾದರೆ ಅಂತರ ನಾಲ್ಕು ಪಟ್ಟು. 50 ಮಿಲಿಮೀಟರ್ ಪಿಸ್ಟನ್‌ನ ಸ್ಪ್ಲೆಂಡರ್ ಬೈಕು ಜೆಟ್ ಇಲ್ಲದೆ ಲಕ್ಷಾಂತರ ಕಿಲೋಮೀಟರ್ ಓಡುವುದಕ್ಕೂ, ಅದರ ನಾಲ್ಕೂವರೆ ಪಟ್ಟು ಅಗಲದ ರೈಲ್ವೆ ಪಿಸ್ಟನ್ ಹಾಗೆ ಓಡಲಾರದುದಕ್ಕೂ ಇದೇ ಒಂದು ಮುಖ್ಯ ಕಾರಣ.

ಹೊತ್ತಿನ ಮಾತೂ ಅಷ್ಟೇ ಮುಖ್ಯ. ನಗರದ ರಸ್ತೆಯಲ್ಲಿ ಕಾರು ಪೂರ್ಣಶಕ್ತಿ ತೋರಿಸುವುದು ಕೆಲವೇ ಸೆಕೆಂಡು, ಮುಂದಿನ ಸಿಗ್ನಲ್‌ನಲ್ಲಿ ಪಿಸ್ಟನ್‌ಗೆ ವಿಶ್ರಾಂತಿ ಸಿಗುತ್ತದೆ. ಘಟ್ಟ ಹತ್ತುವ ಗೂಡ್ಸ್ ಎಂಜಿನ್ನಿಗೆ ಆ ಬಿಡುವಿಲ್ಲ. ಅದಕ್ಕಾಗಿಯೇ ಇಎಂಡಿ ಎಂಜಿನ್ನಿನಲ್ಲಿ ಪಿಸ್ಟನ್ ತಣಿಸುವುದಕ್ಕೆಂದೇ ಬೇರೆ ಎಣ್ಣೆ ಪಂಪಿದೆ, ಪ್ರತಿ ಸಿಲಿಂಡರಿಗೂ ಪಿ-ಪೈಪ್ ಎಂದು ಕರೆಯುವ ಕೊಳವೆಯಿದೆ, ಆ ಕೊಳವೆಯ ಗುರಿ ನೇರವಾಗಿದೆಯೇ ಎಂದು ಅಳೆಯಲು ಪ್ರತ್ಯೇಕ ಗೇಜ್ ಕೂಡ ಇದೆ. ಧಾರೆ ತುಸು ಓರೆಯಾದರೂ ಎಣ್ಣೆ ಸೇರಬೇಕಾದಲ್ಲಿಗೆ ಸೇರದು.

ಪೆಟ್ರೋಲ್ ಎಂಜಿನ್ನಿಗೆ ಜೆಟ್‌ನಿಂದ ಇನ್ನೊಂದು ಲಾಭವುಂಟು. ಪಿಸ್ಟನ್‌ನ ತಲೆ ವಿಪರೀತ ಬಿಸಿಯಾದಾಗ ಕಿಡಿಯ ಜ್ವಾಲೆ ತಲುಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಹೊತ್ತಿಕೊಂಡು ಲೋಹವನ್ನು ಬಡಿಯುತ್ತದೆ, ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವುದು ಇದನ್ನೇ. ತಲೆ ತಂಪಾಗಿದ್ದರೆ ಕಿಡಿಯನ್ನು ಸ್ವಲ್ಪ ಮುಂಚಿತವಾಗಿ ಕೊಟ್ಟು ಅದೇ ಇಂಧನದಿಂದ ಹೆಚ್ಚು ಕೆಲಸ ಪಡೆಯಬಹುದು. ಹಾಗೆಂದು ಧಾರೆ ಯಾವಾಗಲೂ ಹರಿಯುವುದೂ ಒಳ್ಳೆಯದಲ್ಲ. ಐಡ್ಲಿಂಗ್‌ನಲ್ಲಿ ಬೇರಿಂಗ್‌ಗಳಿಗೆ ಬೇಕಾದ ಎಣ್ಣೆಯ ಒತ್ತಡವನ್ನು ಜೆಟ್ ಕಸಿದುಕೊಳ್ಳಬಾರದೆಂದು ಒತ್ತಡ ಏರಿದ ಮೇಲಷ್ಟೇ ತೆರೆಯುವ ಸ್ಪ್ರಿಂಗ್ ಕವಾಟವನ್ನು ಅದರಲ್ಲಿ ಇಡುತ್ತಾರೆ. ಎಂಜಿನ್ ತಣ್ಣಗಿರುವಾಗ ಪಿಸ್ಟನ್ನನ್ನು ಇನ್ನಷ್ಟು ತಣಿಸಿದರೆ ಅದರ ಮೇಲೆ ಬಿದ್ದ ಪೆಟ್ರೋಲ್ ಆವಿಯಾಗದೆ ಮಸಿ ಹೆಚ್ಚುತ್ತದೆ. ಆದ್ದರಿಂದ ಫೋಕ್ಸ್‌ವ್ಯಾಗನ್ ಸಮೂಹದ ಮೂರನೇ ಪೀಳಿಗೆಯ ಇಎ888 ಎಂಜಿನ್ನಿನಲ್ಲಿ ಅಗತ್ಯವಿಲ್ಲದಾಗ ಜೆಟ್‌ಗಳನ್ನು ವಿದ್ಯುತ್ ಕವಾಟದಿಂದ ಮುಚ್ಚುವ ವ್ಯವಸ್ಥೆಯಿದೆ. ಇನ್ನು, ಪಿಸ್ಟನ್‌ನಿಂದ ಕಳೆದ ಬಿಸಿ ಮಾಯವಾಗದೆ ಎಣ್ಣೆಗೆ ಸೇರುವುದರಿಂದ ದೊಡ್ಡ ಪಂಪು, ಆಯಿಲ್ ಕೂಲರ್ ಎರಡರ ಖರ್ಚೂ ಜೊತೆಗೇ ಬರುತ್ತದೆ.

ಎಂಜಿನ್ನಿನ ಕಂಪ್ಯೂಟರನ್ನು ರೀಮ್ಯಾಪ್ ಮಾಡಿಸಿ ಟರ್ಬೊ ಒತ್ತಡ ಏರಿಸುವವರು ಇಲ್ಲಿ ಎಚ್ಚರ ವಹಿಸಬೇಕು. ಪೀಣ್ಯದ ವರ್ಕ್‌ಶಾಪುಗಳಲ್ಲಿ ಒಂದು ಮಿಲಿಮೀಟರಿನ ರಂಧ್ರ ಕೊರೆಯುವುದು ದಿನನಿತ್ಯದ ಕೆಲಸವಾದರೂ, ಜೆಟ್ ಇಲ್ಲದ ಬ್ಲಾಕಿಗೆ ಅದನ್ನು ಸೇರಿಸಬೇಕಾದರೆ ಎಣ್ಣೆ ನಾಳದ ಜಾಗ, ಕ್ರ್ಯಾಂಕ್ ಮತ್ತು ಕನೆಕ್ಟಿಂಗ್ ರಾಡ್ ತಿರುಗುವ ಹಾದಿ, ಪಂಪಿನ ಸಾಮರ್ಥ್ಯ ಎಲ್ಲವೂ ಹೊಂದಬೇಕು. ಹೊಂದದಿದ್ದರೆ ಪಿಸ್ಟನ್ ಉಳಿಸಲು ಹೋಗಿ ಬೇರಿಂಗ್ ಕಳೆದುಕೊಂಡಂತಾಗುತ್ತದೆ. ಟರ್ಬೊ ಡೀಸೆಲ್‌ಗೆ, ಹೆಚ್ಚು ಒತ್ತಡದ ಟರ್ಬೊ ಪೆಟ್ರೋಲ್‌ಗೆ, ಟ್ರ್ಯಾಕ್‌ನಲ್ಲಿ ಸುತ್ತುಗಟ್ಟಲೆ ಓಡುವ ಕಾರಿಗೆ ಜೆಟ್ ಬೇಕು. ಟರ್ಬೊ ಇಲ್ಲದ, ರಸ್ತೆಯಲ್ಲಷ್ಟೇ ಓಡುವ ಎಂಜಿನ್ನಿಗೆ, ಅದು ಎಷ್ಟೇ ಶಕ್ತಿಶಾಲಿಯಾಗಿದ್ದರೂ, ಅನಿವಾರ್ಯವಲ್ಲ. ಜೆಟ್ ಇರುವ ಕಾರಿನ ಮಾಲೀಕರು ತಯಾರಕರು ಹೇಳಿದ ದರ್ಜೆಯ ಆಯಿಲನ್ನೇ ಹಾಕಿಸಿ, ಹೇಳಿದ ಅವಧಿಗೆ ತಪ್ಪದೆ ಬದಲಾಯಿಸಬೇಕು, ಏಕೆಂದರೆ ಅಷ್ಟು ಸಣ್ಣ ರಂಧ್ರ ಮುಚ್ಚಿಹೋಗಲು ಹಳೆಯ ಎಣ್ಣೆಯ ಚೂರು ಗಸಿ ಸಾಕು.